ದಕ್ಷಿಣ ಬಾಗಿಲಿನ ಸಾಲು

ಪ್ಲೇಗಿಗೆ ಹೆದರಿ ಮನೆ ಬಿಟ್ಟ ಬಡವರಿಗೆಂದು ಅಜ್ಜಂಪುರದ ಹೊರಗೆ ಸರ್ಕಾರ ಎದುರುಬದುರಾಗಿ ಎರಡು ಸಾಲು ಮನೆ ಕಟ್ಟಿಸಿತ್ತು. ಹಾಗಾಗಿ ಒಂದು ಸಾಲಿನ ಬಾಗಿಲೆಲ್ಲ ದಕ್ಷಿಣಕ್ಕೆ ಬಿದ್ದು, ಯಮನ ದಿಕ್ಕೆಂದು ಅತ್ತ ಯಾರೂ ಸುಳಿಯಲಿಲ್ಲ. ಗುಮಾಸ್ತರಾಗಿದ್ದ ಶಾಮಣ್ಣನವರನ್ನು ಆ ಬಡಾವಣೆಗೆ ಹಂಗಾಮಿ ಸೂಪರಿಂಟೆಂಡೆಂಟ್ ಮಾಡಿದ್ದರು. ಮನೆಗಳು ತುಂಬಿದರೆ ಹುದ್ದೆ ಕಾಯಂ, ಇಲ್ಲವಾದರೆ ಮತ್ತೆ ಗುಮಾಸ್ತಿಕೆ.

ಮುಸಾಫಿರಖಾನೆಯಲ್ಲಿ ಇಳಿದಿದ್ದ ನನ್ನ ಹತ್ತಿರ ಅವರೇ ಬಂದರು. "ಅಮ್ಮಾ, ತಾವು ದೇಶ ಸುತ್ತಿದವರು, ಇದನ್ನೆಲ್ಲ ನಂಬೋರಲ್ಲ. ಅಲ್ಲೊಂದು ವಾರ ಇದ್ದು ತೋರಿಸಿ."

"ನಾನು ಇವತ್ತಿದ್ದು ನಾಳೆ ಹೋಗೋಳು, ನನ್ನನ್ನ ಯಾರು ಲೆಕ್ಕಕ್ಕಿಡ್ತಾರೆ? ನೀವೇ ಇರಿ."

"ನಮ್ಮನೆಯವಳು ಕೊಂದ್ಬಿಡ್ತಾಳೆ!"

"ಹಾಗಾದ್ರೆ ನಿಮಗೆ ಯಮ ಯಾವ ಲೆಕ್ಕ?"

ಅಲ್ಲೇ ಕಸ ಗುಡಿಸುತ್ತಿದ್ದ ಗಂಗವ್ವನಿಗೂ ಮನೆ ಬೇಕಿತ್ತು. "ಮೊದ್ಲು ನಿಮ್ಮ ಹಾಲು ಅಲ್ಲಿ ಉಕ್ಲಿ ಕಣ್ರೀ ಸ್ವಾಮಿ, ಆಮೇಲೆ ನಾವು ಬತ್ತೀವಿ" ಅಂದಳು.

ಹೆಂಡತಿಯನ್ನು ಹೇಗೆ ಒಪ್ಪಿಸಿದರೋ, ಶುಕ್ರವಾರ ದಕ್ಷಿಣ ಬಾಗಿಲಿನ ಮನೆಯೊಂದರಲ್ಲಿ ಹಾಲು ಉಕ್ಕಿತು. ಆಕೆ ಮುಖ ಊದಿಸಿಕೊಂಡೇ ಕುಂಕುಮ ಕೊಟ್ಟರು. ಗಂಗವ್ವ ಗಂಟುಮೂಟೆ ಹೊತ್ತು ಬಂದಳು, ಅವಳ ಹಿಂದೆ ಉಳಿದವರು.

ಮುಂದಿನ ವರ್ಷ ನಾನು ಹೋದಾಗ ಶಾಮಣ್ಣನವರು ಕಾಯಂ ಆಗಿ, ಬಡ್ತಿಯ ಮೇಲೆ ಕಡೂರಿಗೆ ಹೊರಟಿದ್ದರು. ಹೆಂಡತಿ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. "ಇವರ ಕೈಲಿ ಏನಾಗ್ತಿತ್ತು ಹೇಳಿ? ಎಲ್ಲಾ ಈ ಬಾಗಿಲಿನ ಗುಣ!"

ಎದುರು ಸಾಲಿನವರು ತಮ್ಮ ಬಾಗಿಲನ್ನೂ ದಕ್ಷಿಣಕ್ಕೆ ಇಡಿಸಿಕೊಡಿ ಎಂದು ಕಚೇರಿ ಮುಂದೆ ನಿಂತಿದ್ದರು. ಒಳಗಿದ್ದ ಹೊಸ ಸೂಪರಿಂಟೆಂಡೆಂಟ್, ಪಾಪ, ಇನ್ನೂ ಹಂಗಾಮಿ.