ಮೊಣಕಾಲಿನ ಡಂಗುರ

ಕೀಲುಬಾವು ಮುಪ್ಪಿನ ಸೊತ್ತೆಂದು ಲೋಕ ನಂಬಿದೆ. ಮಕ್ಕಳು ಲೋಕವನ್ನು ಕೇಳಿಕೊಂಡು ಕಾಯಿಲೆ ಬೀಳುವುದಿಲ್ಲ. ಇದನ್ನು ಊರಿಗೆ ತಿಳಿಸಲು ಶಿಕಾರಿಪುರದ ಡಾಕ್ಟರು ಡಂಗುರದವನನ್ನು ಕರೆಸಿದರು.

ಅವನು ತಮಟೆಗೆ ಮೂರು ಪೆಟ್ಟು ಕೊಟ್ಟು, ಒಮ್ಮೆ ಕೆಮ್ಮಿ, ಕಣ್ಣು ಮುಚ್ಚಿ ಸಾರುತ್ತಿದ್ದ. ವಿಷಯ ಏನೇ ಇರಲಿ, ಮುಕ್ತಾಯ ಒಂದೇ.

"ಕೇಳ್ರಪ್ಪೋ! ದಿನಾ ಜ್ವರ, ಮೈಮ್ಯಾಲೆ ಕೆಂಪು ದದ್ದು, ಬಾತಿರೋ ಮೊಣಕಾಲು ಇರೋ ಮಕ್ಕಳನ್ನ ನಾಳೆ ಆಸ್ಪತ್ರಿಗೆ ಹಾಜರು ಮಾಡ್ರಿ! ತಪ್ಪಿದವರ ಮನಿ ಜಪ್ತಿ!"

ಮರುದಿನ ಊರಿನ ಮಕ್ಕಳ ಮೊಣಕಾಲುಗಳೆಲ್ಲ ಸಾಲುಗಟ್ಟಿದವು. ನನ್ನವೂ ಎರಡು ಇದ್ದವು. ಬಾವಿಲ್ಲವೆಂದು ಬರೆಸಿಕೊಳ್ಳಲು ಬಂದವರೇ ಹೆಚ್ಚು.

"ಜಪ್ತಿ ಅಂತ ನಾನೆಲ್ಲಿ ಹೇಳಿದ್ದೆ ಮಾರಾಯ?" ಡಾಕ್ಟರು ರೇಗಿದರು.

"ಅದಿಲ್ದಿದ್ರೆ ಯಾರೂ ಕೇಳಂಗಿಲ್ಲ ಸ್ವಾಮಿ" ಎಂದ ಅವನು, ಗಂಭೀರನಾಗಿ.

ಸಾಲಿನ ಕೊನೆಯಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ಹೊತ್ತು ನಿಂತಿದ್ದಳು. "ಸಾಲಿಗೆ ಹೋಗಾದು ತಪ್ಸಾಕೆ ತಿಂಗಳಿಂದ ನಾಟಕ ಮಾಡ್ತಾಳ್ರೀ. ನಮ್ಮ ಮನಿ ಉಳಿಸ್ರಿ."

ಹುಡುಗಿಯ ಮೈ ಸುಡುತ್ತಿತ್ತು, ಮೊಣಕಾಲೆರಡೂ ಬಾತಿದ್ದವು.

"ನಾಟಕ ಅಲ್ಲಜ್ಜಿ, ಮಕ್ಕಳಿಗೂ ಬರ್ತದೆ ಇದು" ಎಂದರು ಡಾಕ್ಟರು.

ಅವಳನ್ನು ಆಸ್ಪತ್ರೆಯಲ್ಲಿಯೇ ಉಳಿಸಿಕೊಂಡರು. ಯಾರ ಮನೆಯೂ ಜಪ್ತಿಯಾಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗಿ ಗೋಡೆ ಹಿಡಿಯದೆ ನಡೆದಳು.