ತಂಗಿಗೆ ಕೊಟ್ಟ ಗುಳಗಿ

ಸಾಂಬ್ರಾಣಿಯ ಬಿಬಿಜಾನ್ ಸಿದ್ದಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಎದೆಯಲ್ಲಿ ಗಡ್ಡೆಯಾಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಎಡ ಎದೆ ತೆಗೆದು, ದಿನಕ್ಕೆರಡು ಬಿಳಿ ಗುಳಗಿ ನುಂಗಲು ಹೇಳಿದರು. ಅದು ಎಂಬತ್ತೆರಡನೆಯ ಇಸವಿ. ಎರಡು ವರ್ಷ ಕಳೆಯುವಷ್ಟರಲ್ಲಿ ಆಕೆ ಮತ್ತೆ ಗದ್ದೆ ಕೂಲಿಗೆ ಹೋಗತೊಡಗಿದ್ದಳು.

ಆಗ ಬಂದವಳು ತಂಗಿ ಹಜರಾಬಿ. ಅದೇ ಊರಲ್ಲೇ ಕೊಟ್ಟಿದ್ದ, ಮೂವತ್ತಾರರ ಹೆಂಗಸು. ಅಕ್ಕನ ಕೈ ಹಿಡಿದು ತನ್ನ ಎದೆಯ ಮೇಲಿಟ್ಟಳು. ಒಳಗೆ ಅಡಿಕೆಯಷ್ಟು ಗಟ್ಟಿ.

"ಆಪಾ, ನಿನಗಾದದ್ದ ನನಗೂ ಆಗೇತಿ. ನಿನ್ನ ಗುಳಗಿ ನನಗೂ ಕೊಡು. ನಾ ಕೊಯ್ಯಿಸ್ಕೊಳ್ಳಾಕ ಒಲ್ಲೆ."

ಬಿಬಿಜಾನ್ ಎರಡು ಸಲ ದವಾಖಾನೆಗೆ ಹೋಗೂಣು ಅಂದಳು. ಹಜರಾಬಿ ಅತ್ತಳು. ಕೊನೆಗೆ ಬಿಬಿಜಾನ್ ತನ್ನ ಎರಡರಲ್ಲಿ ಒಂದನ್ನು ದಿನಾ ತಂಗಿಯ ಕೈಗೆ ಹಾಕಿದಳು. ಒಂದೇ ರೋಗ, ಒಂದೇ ಔಷಧ ಎಂದುಕೊಂಡಳು. ಹೀಗೆ ಐದು ತಿಂಗಳು ನಡೆಯಿತು. ಅಡಿಕೆಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಗಿ, ಕಂಕುಳಿಗೂ ಹಬ್ಬಿತು.

ಆಮೇಲೆ ಹಳಿಯಾಳಕ್ಕೆ ಬಂದು, ಧಾರವಾಡದ ಮೇಲೆ ಹಾಯ್ದು ಹುಬ್ಬಳ್ಳಿಗೆ ಹೋದರು. ಅಲ್ಲಿ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆಂದು ಬೊಂಬಾಯಿಗೆ ಕಳಿಸಿದರು. ವರದಿ ಬಂದ ದಿನ ಡಾಕ್ಟರು ಅಕ್ಕನನ್ನಷ್ಟೇ ಒಳಗೆ ಕರೆದರು. ಬಿಬಿಜಾನ್ ಗುಳಗಿಯ ವಿಷಯ ಮುಚ್ಚಿಡಲಿಲ್ಲ.

ಡಾಕ್ಟರು ಬೈಯಲಿಲ್ಲ. "ಇಬ್ಬರಿಗೂ ಎದ್ಯಾಗ ಬಂದದ್ದು ಖರೇ, ಆದ್ರ ರೋಗ ಒಂದಲ್ಲವ್ವಾ. ಮೈಯಾಗಿನ ಒಂದೊಂದು ಕಣದಾಗೂ ಏನೇನು ಮಾಡಬೇಕು ಅಂತ ಪೂರಾ ಬರದಿರತೈತಿ. ಆದ್ರ ಯಾವ ಕಣನೂ ಅದನ್ನ ಅಷ್ಟೂ ಓದೂದಿಲ್ಲ. ತನಗ ಬೇಕಾದ ಪುಟ ತಗೀತೈತಿ, ಉಳಿದದ್ದು ಮುಚ್ಚತೈತಿ. ನಿನ್ನ ಗಡ್ಡಿ ಹೆಣ್ಣಿನ ಮೈಯಾಗಿನ ಹಾರ್ಮೋನಿನ ಮಾತು ಕೇಳಿ ಬೆಳೀತಿತ್ತು. ಗುಳಗಿ ಆ ಮಾತು ಕೇಳದಂಗ ಮಾಡ್ತು. ನಿನ್ನ ತಂಗಿ ಗಡ್ಡಿ ಆ ಪುಟನ ಮುಚ್ಚೇತಿ. ಅದು ಬ್ಯಾರೆ ಯಾವುದನ್ನೋ ಓದಿ ಬೆಳದೈತಿ. ಅಲ್ಲಿ ಈ ಗುಳಗಿಗೆ ಕೆಲಸಿಲ್ಲ."

"ನಾವು ಒಂದ ತಾಯಿ ಹೊಟ್ಟ್ಯಾಗ ಹುಟ್ಟೇವ್ರಿ."

"ಹುಟ್ಟಿದ್ರೂ ಹಂಗ ಆಗತೈತಿ. ಈಗ ಭಾಳ ಹಬ್ಬೇತಿ, ಇಂಜೆಕ್ಷನ್ ಕೊಟ್ಟು ನೋಡೂಣು, ಆದ್ರ ಭಾಳ ಆಸೆ ಇಟ್ಕೋಬ್ಯಾಡ."

"ಮೊದಲ ಕರಕೊಂಡು ಬಂದಿದ್ರ ಉಳೀತಿದ್ಳೇನ್ರಿ?"

ಡಾಕ್ಟರು ವರದಿ ಮಡಚಿದರು. "ಹೇಳಾಕ ಆಗೂದಿಲ್ಲ. ಆದ್ರ ಇಷ್ಟು ಹಬ್ಬಿರತಿರಲಿಲ್ಲ."

ಇಂಜೆಕ್ಷನ್ನು ಶುರುವಾದವು. ಮೂರು ವಾರಕ್ಕೊಮ್ಮೆ ಅದೇ ದಾರಿ, ಅದೇ ವಾಂತಿ, ಮಡಿಲಲ್ಲಿ ಹಳೆಯ ಟವೆಲ್ಲು. ಹಜರಾಬಿಯ ಗುಂಗುರು ಕೂದಲು ಉದುರಿತು. ಒಂದು ಸಲ ಬಸ್ಸಿನಲ್ಲಿ ಅಕ್ಕನ ಹೆಗಲಿಗೆ ತಲೆಯಿಟ್ಟು ಹೇಳಿದಳು, "ಗುಳಗಿ ಕೇಳಿದಾಕಿ ನಾನು. ಅದನ್ನ ಹೊತಗೊಂಡು ಅಡ್ಡಾಡಬ್ಯಾಡ. ನನಗ ನೋಡಾಕ ಬ್ಯಾಸರಾಗತೈತಿ." ಮುಂದಿನ ಮಳೆಗಾಲದಲ್ಲಿ, ಭತ್ತದ ಕಳೆ ತೆಗೆಯುವ ಹೊತ್ತಿಗೆ, ಹಜರಾಬಿ ತೀರಿಕೊಂಡಳು.

ಬಿಬಿಜಾನಳ ರೋಗ ಮರಳಲಿಲ್ಲ. ಅದು ಆಕೆಗೆ ಸಂತೋಷವನ್ನೇನೂ ತರಲಿಲ್ಲ. ಕೂಲಿಗೆ ಹೋದಳು, ಬಂದಳು. ಹುಬ್ಬಳ್ಳಿಯ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದಳು.

ಎಂಬತ್ತೇಳರಲ್ಲಿ ಪಕ್ಕದ ಓಣಿಯ ಮಾಲವ್ವ ಸೆರಗು ಸರಿಸಿ ಗಂಟು ತೋರಿಸಿದಳು. "ನಿನ್ನ ಕಡೆ ಗುಳಗಿ ಅದಾವಂತಲ್ಲ, ನಾಕು ಕೊಡ ಯವ್ವಾ."

"ಅವು ನನ್ನ ಗಡ್ಡಿಗೆ ಕೊಟ್ಟದ್ದು," ಅಂದಳು ಬಿಬಿಜಾನ್. "ನಿಂದು ಎಂಥಾದ್ದೋ ಯಾರಿಗೆ ಗೊತ್ತು. ನಾಳೆ ಮುಂಜಾನೆ ಬಸ್ಸಿಗೆ ಹುಬ್ಬಳ್ಳಿಗೆ ಹೋಗೂಣು."

"ನೀನೂ ಬರ್ತಿ?"

"ಬರ್ತೇನಿ."

ಮರುದಿನ ಇಬ್ಬರೂ ಹೋದರು. ದವಾಖಾನೆಯಲ್ಲಿ ಸಾಲು ಉದ್ದವಿತ್ತು. ಮಾಲವ್ವನನ್ನು ಒಳಗೆ ಕಳಿಸಿ ಬಿಬಿಜಾನ್ ಹೊರಗಿನ ಬೆಂಚಿನ ಮೇಲೆ ಕೂತು, ಕಾಲು ಚಾಚಿ, ಆಕೆ ಹೊರಬರುವ ತನಕ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು.