ಚೊಗರಿನ ಹಂಡೆಗೊಂದು ನಲ್ಲಿ

ಚನ್ನಗಿರಿಯ ಪೇಟೆಬೀದಿಯ ಹಿಂದೆ, ಗುಜರಿ ಅಂಗಡಿಗೆ ಒತ್ತಿಕೊಂಡಂತಿರುವ ತಗಡಿನ ಶೆಡ್ಡಿನಲ್ಲಿ ನನ್ನೇಸಾಬ ನಲವತ್ತು ವರ್ಷದಿಂದ ತಾಮ್ರ ಬಡಿಯುತ್ತಿದ್ದಾನೆ. ಕೊಡ, ಬಿರಿಯಾನಿ ದೇಗು, ಹೋಟೆಲಿನ ಚಹಾ ಬಾಯ್ಲರ್, ಏನು ತಂದರೂ ರಿಪೇರಿ ಮಾಡಿಕೊಡುತ್ತಾನೆ. ಗಿರಾಕಿಗೆ ಬೈಯುವುದೂ ಅವನ ಕೂಲಿಯಲ್ಲೇ ಸೇರಿದೆ. "ಹುಣಸೆಹಣ್ಣು ಹಾಕಿ ತಿಕ್ರಿ ಅಂದ್ರೆ ಇಟ್ಟಿಗೆಪುಡಿ ಹಾಕಿ ಕೆರೀತೀರಿ. ಪಾತ್ರೆ ನಿಮಗೇನು ಅನ್ಯಾಯ ಮಾಡೈತೆ?" ಎನ್ನುತ್ತಾನೆ. ಆದರೆ ಅಡಿಕೆ ಬೇಯಿಸುವ ಹಂಡೆಯನ್ನು ಮಾತ್ರ ಮುಟ್ಟುವುದಿಲ್ಲ. ಅಡಿಕೆಯಿಂದಲೇ ಉಸಿರಾಡುವ ಊರಿನಲ್ಲಿ ತಾಮ್ರದ ಕೆಲಸದವನು ಹಂಡೆ ಮುಟ್ಟುವುದಿಲ್ಲ ಎಂದರೆ ಜನ ನಗುತ್ತಾರೆ. ನಕ್ಕರೆ ನಗಲಿ ಎಂದು ಬಿಟ್ಟಿದ್ದ.

ಮೊದಲು ಹೀಗಿರಲಿಲ್ಲ. ಹಂಡೆಗೆ ನಲ್ಲಿ ಕೂರಿಸುವ ಯೋಚನೆ ಈ ಭಾಗದಲ್ಲಿ ಅವನದೇ. ಬೆಂದ ಅಡಿಕೆಯನ್ನು ಎತ್ತಿದ ಮೇಲೆ ಹಂಡೆಯಲ್ಲಿ ಕೆಂಪಗೆ ಮಂದವಾದ ಚೊಗರು ಉಳಿಯುತ್ತದೆ. ಅಡಿಕೆಗೆ ಬಣ್ಣ ಕೊಡುವುದೇ ಅದು, ಯಾರೂ ಚೆಲ್ಲುವುದಿಲ್ಲ. ಕುದಿಕುದಿಯುವ ಅದನ್ನು ಬಕೆಟ್ಟಿನಲ್ಲಿ ಮೊಗೆದು ಹೊರಬೇಕು. ಆ ಕಷ್ಟ ತಪ್ಪಲಿ ಎಂದು ನನ್ನೇಸಾಬ ಹದಿನಾಲ್ಕು ವರ್ಷದ ಹಿಂದೆ ಉಬ್ರಾಣಿಯ ಒಂದು ಹಂಡೆಯ ಬುಡಕ್ಕೆ ತೂತು ಕೊರೆದು, ಹಿತ್ತಾಳೆ ನಲ್ಲಿಯನ್ನು ತವರದ ಬೆಸುಗೆಯಿಂದ ಕೂರಿಸಿದ. ಒಳಗೆ ನೀರಿರುವ ತನಕ ಬೆಸುಗೆ ಕರಗದು ಎಂದುಕೊಂಡ. ಚಹಾ ಬಾಯ್ಲರಿಗೆ ಅದು ಸರಿ. ಸುಗ್ಗಿಯಲ್ಲಿ ಹಂಡೆಯ ಒಲೆ ಇಡೀ ದಿನ ಆರುವುದಿಲ್ಲ, ಚೊಗರು ಬಸಿದ ಮೇಲೂ ಬುಡಕ್ಕೆ ಉರಿ ತಾಗುತ್ತಲೇ ಇರುತ್ತದೆ. ಇದು ಗೊತ್ತಿದ್ದವನೇ ಅವಸರದಲ್ಲಿ ಮರೆತ.

ಒಂದು ದಿನ ಬೆಸುಗೆ ಬಿಟ್ಟು, ಕುದಿಯುವ ಹಂಡೆಯಿಂದ ನಲ್ಲಿ ಕಳಚಿತು. ಒಲೆಗೆ ಸೌದೆ ಹಾಕುತ್ತಿದ್ದ ಬೀರಲಿಂಗಪ್ಪನ ಎರಡೂ ಕಾಲು ಮೊಣಕಾಲಿನ ತನಕ ಬೆಂದವು. ಜೀವ ಉಳಿಯಿತು. ಉಳಿದ ಆಯುಷ್ಯವನ್ನು ಕೋಲು ಊರಿಕೊಂಡೇ ಕಳೆದು, ಹೋದ ವರ್ಷ ಜ್ವರ ಬಂದು ತೀರಿಕೊಂಡ. ನನ್ನೇಸಾಬ ಮಣ್ಣಿಗೆ ಹೋಗಿದ್ದ. ಎಲ್ಲರ ಹಿಂದೆ ನಿಂತು, ಯಾರೂ ಮಾತಾಡಿಸುವ ಮೊದಲೇ ಬಸ್ಸು ಹತ್ತಿ ಬಂದಿದ್ದ.

ಈ ವರ್ಷ ಆಷಾಢದ ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಗೂಡ್ಸ್ ಆಟೋ ನಿಂತಿತು. ಅದರಿಂದ ಒಂದು ಹಂಡೆ ಇಳಿಯಿತು, ಹಿಂದೆಯೇ ಬೀರಲಿಂಗಪ್ಪನ ಹೆಂಡತಿ ಉಚ್ಚಂಗಮ್ಮ ಇಳಿದಳು.

"ಸಾಬ್ರೆ, ಇದಕ್ಕೊಂದು ನಲ್ಲಿ ಕೂರಿಸಿಕೊಡ್ರಿ."

ನನ್ನೇಸಾಬ ಸುತ್ತಿಗೆ ಕೆಳಗಿಟ್ಟ. "ಹಂಡೆ ಕೆಲಸ ಬಿಟ್ಟೀನಿ ತಾಯಿ. ಯಾಕೆ ಅಂತ ನಿಮಗೆ ಗೊತ್ತಿಲ್ಲದ್ದೇನಲ್ಲ."

"ಗೊತ್ತೈತೆ. ನಾವು ಐದು ಜನ ಹೆಣ್ಮಕ್ಕಳು ಸೇರಿ ಅಡಿಕೆ ಬೇಯಿಸಾಕೆ ಹೊರಟೀವಿ. ಕುದಿಯೋ ಚೊಗರು ಹೊರಾಕೆ ನಮ್ ಕೈಲಿ ಆಗಲ್ಲ."

"ಬೇರೆ ಯಾರ ಹತ್ರನಾದ್ರೂ ಮಾಡಿಸ್ರಿ."

"ಬೇರೆಯವರು ಬೇಡ. ನೀವೇ ಮಾಡ್ರಿ" ಎಂದು ಹಂಡೆಯನ್ನು ಅಲ್ಲೇ ಬಿಟ್ಟು ಹೋದಳು.

ಮೂರು ದಿನ ಅದು ಶೆಡ್ಡಿನ ಬಾಗಿಲಲ್ಲೇ ಕೂತಿತ್ತು. ನನ್ನೇಸಾಬನಿಗೆ ಊಟ ಸೇರಲಿಲ್ಲ. "ಬಾಗಿಲಾಗೆ ಪೊಲೀಸರು ಬಂದು ಕುಂತಂಗೆ ಆಡ್ತೀರಲ್ಲ" ಎಂದು ಹೆಂಡತಿ ರಹಮತ್‌ಬೀ ಚುಚ್ಚಿದಳು. ನಾಲ್ಕನೇ ದಿನ ತೂತು ಕೊರೆದ. ಈ ಸಲ ಬೆಸುಗೆಯ ಹಂಗೇ ಬೇಡವೆಂದು, ಎರಡೂ ಕಡೆ ತಿರುಪಿನ ಗೆರೆ ಇರುವ ದಪ್ಪ ಹಿತ್ತಾಳೆ ಪೈಪು ತೂರಿಸಿ, ಒಳಗೊಂದು ಹೊರಗೊಂದು ತಾಮ್ರದ ವಾಶರ್ ಕೊಟ್ಟು ನಟ್ಟು ಬಿಗಿದ. ನಲ್ಲಿ ಒಲೆಯ ಗೋಡೆಯಿಂದಾಚೆ ಬರುವಷ್ಟು ಪೈಪನ್ನು ಉದ್ದ ಬಿಟ್ಟ. ನೀರು ತುಂಬಿ ಎರಡು ದಿನ ಕುದಿಸಿದ. ನೀರನ್ನು ಬುಡಮಟ್ಟಕ್ಕೆ ಇಳಿಸಿ ಮತ್ತೆ ಉರಿ ಹಾಕಿ, ನಟ್ಟಿನ ಸುತ್ತ ಕಣ್ಣಾಡಿಸಿ ನೋಡಿದ. ಒಂದು ಹನಿಯೂ ಇರಲಿಲ್ಲ. ಆದರೂ ಧೈರ್ಯ ಬರಲಿಲ್ಲ.

ಮೊದಲ ಬೇಯಿಸುವ ದಿನ ಸ್ಪ್ಯಾನರ್ ಚೀಲ ಹಿಡಿದು ತಾನೇ ಉಬ್ರಾಣಿಗೆ ಹೋದ. ಅಡಿಕೆ ಬೆಂದು, ಚೊಗರು ಬಿಡುವ ಹೊತ್ತಾಯಿತು. "ಎಲ್ರೂ ದೂರ ನಿಲ್ರಿ, ನಾನು ತಿರುಗಿಸ್ತೀನಿ" ಎಂದ. ನಾಲ್ವರು ಸರಿದರು, ಉಚ್ಚಂಗಮ್ಮ ಸರಿಯಲಿಲ್ಲ. ಅವಳು ಅಷ್ಟು ಹತ್ತಿರ ನಿಂತದ್ದನ್ನು ಕಂಡು ಇವನಿಗೆ ತಡೆಯಲಾಗಲಿಲ್ಲ.

"ಬೀರಲಿಂಗಪ್ಪನ ಕಾಲು ಸುಟ್ಟಿದ್ದು ನನ್ ಕೈ, ತಾಯಿ. ಇಷ್ಟು ವರ್ಷ ನಿಮ್ಮ ಮುಂದೆ ಬಂದು ಹೇಳಾಕೆ ಆಗಲಿಲ್ಲ."

ಉಚ್ಚಂಗಮ್ಮ ಒಲೆಯನ್ನೇ ನೋಡುತ್ತಿದ್ದಳು. "ಆವತ್ತು ಬೆಳಿಗ್ಗೆಯಿಂದ ನಲ್ಲಿ ಬುಡ ತೊಟ್ಟಿಕ್ತಿತ್ತು ಸಾಬ್ರೆ. ನಾನು ನೋಡಿದ್ದೆ."

ನನ್ನೇಸಾಬ ನಲ್ಲಿಯಿಂದ ಕೈ ತೆಗೆದು ಅವಳ ಕಡೆ ತಿರುಗಿದ.

"ಸುಲಿದ ಅಡಿಕೆ ಗುಡ್ಡೆ ಬಿದ್ದಿತ್ತು. ಆವತ್ತೇ ಬೇಯಿಸದಿದ್ರೆ ಕಪ್ಪಾಗ್ತೈತೆ. ಒಲೆ ಮೆತ್ತಾಕೆ ಕಲಸಿದ್ದ ಮಣ್ಣು ತಗಂಡು ನಲ್ಲಿ ಸುತ್ತ ಮೆತ್ತಿದೆ. ಒಲೆ ಬಿರುಕು ಬಿಟ್ರೆ ಮೆತ್ತಲ್ವಾ, ಹಂಗೆ ಅಂದ್ಕಂಡೆ. ಯಾರಿಗೂ ಹೇಳಲಿಲ್ಲ. ಸಾಯೋ ತನಕ ಅವರ ಕಾಲಿಗೆ ಎಣ್ಣೆ ಹಚ್ಚಿದೆ. ಅವರಿಗೂ ಹೇಳಾಕೆ ಬಾಯಿ ಬರಲಿಲ್ಲ."

ನನ್ನೇಸಾಬನಿಗೆ ಹೊರೆ ಇಳಿದಂತೇನೂ ಆಗಲಿಲ್ಲ. ಬೆಸುಗೆ ಅವನದೇ. ಮೊದಲು ಬಂದದ್ದು ಸಿಟ್ಟು. ಹದಿನಾಲ್ಕು ವರ್ಷ ನಾನೊಬ್ಬನೇ ಬೆಂದೆನಲ್ಲ ಎಂಬ ಸಿಟ್ಟು. ಅದರ ಬೆನ್ನಿಗೇ, ತಾನೊಬ್ಬನೇ ಅಲ್ಲ, ಇವಳೂ ದಿನಾ ಆ ಕಾಲುಗಳನ್ನು ಮುಟ್ಟಿಕೊಂಡೇ ಬದುಕಿದಳು ಎಂಬುದು ಹೊಳೆಯಿತು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಇದು ತೊಟ್ಟಿಕ್ಕಿದ್ರೆ ಮಣ್ಣು ಮೆತ್ತಬೇಡ್ರಿ" ಎಂದ. "ಅಡಿಕೆ ಕಪ್ಪಾದ್ರೆ ಆಗ್ಲಿ. ಉರಿ ಎಳೆದು ನನಗೆ ಫೋನ್ ಮಾಡ್ರಿ."

"ಮಾಡ್ತೀನಿ."

"ಎಷ್ಟೇ ಚಿಕ್ಕ ಹನಿ ಆದ್ರೂ."

"ಹೂಂ ಸಾಬ್ರೆ."

ಅವನು ನಲ್ಲಿ ತಿರುಗಿಸಿದ. ಚೊಗರು ಹಬೆಯಾಡುತ್ತ ಕೊಳಗಕ್ಕೆ ಬಿತ್ತು. ಉಚ್ಚಂಗಮ್ಮ ದೂರ ನಿಂತಿದ್ದ ನಾಲ್ವರನ್ನೂ ಹತ್ತಿರ ಕರೆದಳು. ಅವರು ಬಂದು ಹಂಡೆಯ ಸುತ್ತ ನಿಂತ ಮೇಲೆ, ನಟ್ಟಿನ ಕಡೆ ಬೆರಳು ತೋರಿಸಿ, "ಇಲ್ಲಿ ತೊಟ್ಟಿಕ್ಕಿದ್ರೆ ಯಾರೂ ಮಣ್ಣು ಮೆತ್ತಬಾರದು ಕಣ್ರೇ. ನಾನು ಒಂದ್ಸಲ ಮೆತ್ತಿದ್ದೆ" ಎಂದು ಶುರುಮಾಡಿದಳು.